ಗುಡ್ಡದವ್ವನ ಎಡಜಡೆ

ಚಾರಣಕ್ಕೆ ಹೋದವರ ಫೋನ್ ಕರೆ ತೆಗೆದುಕೊಳ್ಳುವುದು ವೈಟ್‌ಫೀಲ್ಡಿನ ನಮ್ಮ ಆಫೀಸಿನಲ್ಲಿ ನನ್ನ ಕೆಲಸ. ಬುಕಿಂಗ್, ರದ್ದತಿ, ಊಟದ ದೂರು. ದಾರಿ ತಪ್ಪಿದವರಿಗೆ ಹೇಳಬೇಕಾದ್ದು ಒಂದೇ ಮಾತು: ನಿಂತಲ್ಲೇ ಇರಿ, ಫಾರೆಸ್ಟಿನವರು ಬರುತ್ತಾರೆ.

ಆ ಮಧ್ಯಾಹ್ನ ಜಡೆಗುಡ್ಡದ ನೆತ್ತಿಯಿಂದ ಈರೇಶ್ ಅನ್ನುವವರು ಫೋನು ಮಾಡಿದರು. ಜೊತೆಯವರು ತಪ್ಪಿಹೋಗಿದ್ದರು.

"ಮೇಡಂ, ಬರೀ ಮಂಜು. ನನ್ ಕೈ ನಂಗೇ ಕಾಣ್ತಿಲ್ಲ. ಬ್ಯಾಟರಿ ಮೂರೇ ಪರ್ಸೆಂಟು. ಇಳಿಜಾರಿಗೆ ಮುಖ ಮಾಡಿ ನಿಂತಿದೀನಿ, ಎಡಕ್ಕೊಂದು ಬಲಕ್ಕೊಂದು ತೊರೆ ಕೇಳಿಸ್ತಿದೆ. ಯಾವ್ದು ಹಿಡೀಲಿ?"

ಪರದೆಯ ಮೇಲೆ ಜಡೆಗುಡ್ಡ ಒಂದು ಹಸಿರು ಕಲೆ, ಅಷ್ಟೇ. ಆದರೆ ಅಜ್ಜಿ ರಾಮಕ್ಕ ಅದರ ಬುಡದ ಊರಿನವಳು. ರಾಜಗೋಪಾಲನಗರದ ಬಾಡಿಗೆ ಮನೆಯಲ್ಲಿ ನನ್ನ ತಲೆ ಬಾಚುತ್ತಾ ಅವಳು ಹೇಳಿದ್ದು ನನಗೆ ಬಾಯಿಪಾಠ. ಗಾಳಿಗೆ ಕುಳ್ಳಾದ, ಪಾಚಿ ಹೊದ್ದ ಮರಗಳು. ಅವು ಮುಗಿದಲ್ಲಿ ಬೋಳು ಹುಲ್ಲಿನ ನೆತ್ತಿ. ಅಲ್ಲಿ ಗುಡ್ಡದವ್ವ ಕೂತು ಎರಡು ಜಡೆ ಇಳಿಬಿಟ್ಟಿದ್ದಾಳೆ. ಎಡದ ತೊರೆ ಊರಿನ ಗದ್ದೆಗೆ, ಬಲದ್ದು ಕಮರಿಗೆ.

"ಎಡಗಡೇದು ಹಿಡೀರಿ ಸಾರ್," ಅಂದೆ. ಫೋನು ಕಟ್ಟಾಯಿತು.

ಹೆಮ್ಮೆಯಿಂದ ಅಜ್ಜಿಗೆ ಫೋನು ಮಾಡಿ ಹೇಳಿದೆ.

"ಅವ್ನು ಎಲ್ಲವ್ನೆ?" ಅಂದಳು.

"ನೆತ್ತಿ ಮೇಲೆ."

"ನಾವು ಕೆಳಗ್ ನಿಂತ್ಕಂಡು ನೋಡ್ತಿದ್ವಲ್ಲವ್ವ. ಮ್ಯಾಕೆ ಯಾರ್ ಅತ್ತವ್ರೆ? ಅಲ್ಲಿಂದ ಇಳಿಯೋನ್ಗೆ ನಮ್ಮೆಡ ಬಲ ಆಯ್ತದೆ ಕಣೆ, ಪೆದ್ದೀ."

ಈರೇಶರ ಫೋನು ಸ್ವಿಚ್ ಆಫ್. ಹನ್ನೊಂದು ಸಲ ಮಾಡಿದೆ. ಒತ್ತುತ್ತಿದ್ದ ಬೆರಳು ಬೇರೆ ಯಾರದೋ ಅನ್ನಿಸಿತು.

ಫಾರೆಸ್ಟಿನವರು ನೆತ್ತಿಗೆ ಹೊರಟಿದ್ದಾರೆ ಎಂದು ನಮ್ಮ ಸೂಪರ್‌ವೈಸರ್ ಮಂಜುಶ್ರೀ ಬರೆದುಕೊಳ್ಳುತ್ತಿದ್ದರು. ಹೋಗಿ ಎದುರು ನಿಂತೆ.

"ಅವ್ರು ನೆತ್ತಿ ಮೇಲಿರಲ್ಲ. ನಾನೇ ಕಮರಿ ಕಡೆ ಕಳಿಸ್ಬಿಟ್ಟಿದೀನಿ."

"ಏನು? ಕಾವ್ಯಾ, ಇದೆಲ್ಲಾ ರೆಕಾರ್ಡ್ ಆಗಿರತ್ತೆ. ಕೆಲ್ಸ ಹೋಗತ್ತೆ ಕಣೆ!"

"ಮೊದ್ಲು ಫಾರೆಸ್ಟಿನವ್ರಿಗೆ ಹೇಳಿ."

ಹೇಳಿದರು.

ಐದೂವರೆಗೆ ಸಿಕ್ಕರಂತೆ, ಕಮರಿಯಿಂದ ನಾಲ್ಕು ಮಾರು ಈಚೆ, ಒಂದು ಮರ ತಬ್ಬಿಕೊಂಡು. ಕಾಲು ಮುರಿದಿದೆ, ಜೀವವಿದೆ. ಆಫೀಸಿನವರು ಚಪ್ಪಾಳೆ ತಟ್ಟಿದರು. ನನಗೆ ಏನೂ ಅನ್ನಿಸಲಿಲ್ಲ.

"ಅಳು ಬಂದ್ರೆ ಅತ್ಬಿಡು," ಅನ್ನುತ್ತಾ ಮಂಜುಶ್ರೀ ಒಂದು ಫಾರಂ ಸರಿಸಿದರು. ಅಳು ಬರಲಿಲ್ಲ. ಯಾವ ಆಧಾರದ ಮೇಲೆ ದಾರಿ ಹೇಳಿದಿರಿ ಎಂಬ ಪ್ರಶ್ನೆಯ ಮುಂದೆ ಎರಡು ಸಾಲು ಖಾಲಿ ಇತ್ತು. 'ಆ ಜಾಗ ನಾನು ನೋಡಿಲ್ಲ' ಎಂದು ಬರೆದು ಸಹಿ ಹಾಕಿದೆ.