ಎಂಜಲು

"ನೆಕ್ಕೇ, ಮುಂಡೆ. ನಿನ್ನ ರಕ್ತ, ನೀನೇ ನೆಕ್ಕು."

ಸೂಪರ್‌ವೈಸರ್ ನೀಲಕಂಠಪ್ಪ ಬಿಳಿ ಶರ್ಟನ್ನು ಯಲ್ಲಮ್ಮನ ಮುಖಕ್ಕೆ ಎಸೆದ. ಕಾಲರಿನ ಮೇಲೆ ರಾಗಿಕಾಳಿನಷ್ಟು ಕೆಂಪು ಚುಕ್ಕೆ. ಹೊಲಿಗೆ ಬಿಚ್ಚುವ ಕೊಕ್ಕೆ ಅವಳ ಹೆಬ್ಬೆರಳಿಗೆ ಚುಚ್ಚಿತ್ತು.

ಹೊಸಕೆರೆಹಳ್ಳಿಯ ಆ ಗಾರ್ಮೆಂಟ್ಸಿನಲ್ಲಿ ಎಂಟು ದಿನದಿಂದ ಬಿಚ್ಚುವುದೇ ಕೆಲಸ. ಅಮೆರಿಕದವರು ಇಲ್ಲಿನ ಬಟ್ಟೆಯ ಮೇಲೆ ಸುಂಕ ಏರಿಸಿದ ಮೇಲೆ ಹೊಸ ಆರ್ಡರುಗಳೆಲ್ಲ ಸುಂಕ ಕಡಿಮೆಯಿರುವ ಇನ್ನೊಂದು ದೇಶಕ್ಕೆ ಹೋದವು. ಹೊಲಿದಿಟ್ಟ ಶರ್ಟುಗಳು ಉಳಿದವು. ಅವುಗಳಿಂದ ಇಂಡಿಯಾ ಎಂದಿರುವ ಲೇಬಲ್ ಕಿತ್ತು, ಆ ದೇಶದ ಹೆಸರಿನದನ್ನು ಹೊಲಿಯಬೇಕು.

"ನಾವ್ ಹೆತ್ತಿದ್ದಕ್ಕೆ ಇನ್ಯಾರ್ದೋ ಮನೆ ಹೆಸ್ರು," ಎಂದು ಪಕ್ಕದ ಮಿಷನ್ನಿನ ಕಲ್ಯಾಣಿ ನಗಾಡಿದ್ದಳು.

ಯಾರ ರಕ್ತವೋ ಅವರ ಎಂಜಲಿಗೇ ಕಲೆ ಬಿಡುತ್ತದೆ. ಲೈನಿನ ಹೆಂಗಸರಿಗೆಲ್ಲ ಗೊತ್ತಿದ್ದ ಉಪಾಯ. ಬೇರೆ ದಿನವಾಗಿದ್ದರೆ ಯಲ್ಲಮ್ಮ ತಾನಾಗಿಯೇ ಉಗುಳು ಹಚ್ಚಿ ಉಜ್ಜುತ್ತಿದ್ದಳು. ಇವತ್ತು ನಾಲಿಗೆ ಒಣಗಿತ್ತು. ಬಾತ್‌ರೂಮಿಗೆ ಎದ್ದರೆ ಬೈಯುತ್ತಾನೆಂದು ಬೆಳಗಿನಿಂದ ನೀರೇ ಕುಡಿದಿರಲಿಲ್ಲ.

"ಬರ್ತಿಲ್ಲ ಸಾರ್."

"ದಿನಾ ಹರಟೋ ಬಾಯಲ್ಲಿ ಎಂಜಲಿಲ್ವಾ?"

ಕಲ್ಯಾಣಿ ದಾರದುಂಡೆ ಎತ್ತಿಕೊಳ್ಳುವವಳಂತೆ ಬಗ್ಗಿ, ಉಪ್ಪು ಸವರಿದ ನೆಲ್ಲಿಕಾಯಿಯೊಂದನ್ನು ಅವಳ ಮಡಿಲಿಗೆ ಹಾಕಿದಳು. "ಕಚ್ಕೊಳಕ್ಕ."

ಬಾಯಲ್ಲಿ ನೀರೂರಿತು. ಯಲ್ಲಮ್ಮ ಕಾಲರನ್ನು ನಾಲಿಗೆಗೆ ಒತ್ತಿದಳು. ಗಂಜಿ ವಾಸನೆಯ ಹೊಸ ಬಟ್ಟೆಯನ್ನು ಮತ್ತೆ ಮತ್ತೆ ನೆಕ್ಕಿದಳು. ಕಲೆ ಹೋಗುವವರೆಗೂ ನೀಲಕಂಠಪ್ಪ ಕೈಕಟ್ಟಿ ನಿಂತು ನೋಡಿದ.

"ಸಖತ್. ನಾಯಿನೂ ಹಿಂಗ್ ನೆಕ್ಕಲ್ಲ." ಕಂಕುಳಲ್ಲಿದ್ದ ಕಂತೆಯಿಂದ ಒಂದು ಕಾಗದ ತೆಗೆದು ಅವಳ ಮುಂದಿಟ್ಟ. "ಸೈನ್ ಹಾಕು. ನಾಳೆಯಿಂದ ಬರ್ಬೇಡ."

'ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ, ಯಾವ ಪರಿಹಾರವನ್ನೂ ಕೇಳುವುದಿಲ್ಲ' ಎಂದಿತ್ತು. ಯಲ್ಲಮ್ಮ ಎರಡು ಸಲ ಓದಿದಳು. ಈ ಮಿಷನ್ನಿಗೆ ಅವಳು ಹನ್ನೊಂದು ಸಲ ಆಯುಧಪೂಜೆಯ ಕುಂಕುಮ ಹಚ್ಚಿದ್ದಳು.

"ನಾನ್ಯಾವಾಗ್ ಇಷ್ಟಪಟ್ಟೆ ಸಾರ್? ನೀವೇ ತೆಗೀತಿದೀರ ಅಂತ ಬರೀರಿ."

"ಸುಂಕ ಏರಿಸಿದ್ದು ನಾನಲ್ಲ ಕಣೇ. ಹಾಕ್ತೀಯೋ ಇಲ್ವೋ, ಬೋಸುಡಿ?"

ನೆಲ್ಲಿಕಾಯಿ ಇನ್ನೂ ದವಡೆಯಲ್ಲಿತ್ತು. ಯಲ್ಲಮ್ಮ ಕಾಗದದ ಮೇಲೆ ಬಗ್ಗಿದಳು. ಪೆನ್ನು ಮುಟ್ಟಲಿಲ್ಲ. ಸಹಿ ಹಾಕಬೇಕಾದ ಜಾಗ ನೋಡಿ, ಬಾಯಿ ತುಂಬ ಉಗಿದಳು.

ಮಿಷನ್ನುಗಳು ಒಂದೊಂದಾಗಿ ನಿಂತವು. ನೀಲಕಂಠಪ್ಪ ಅವಳ ಅವ್ವ, ಅಜ್ಜಿ, ಜಾತಿ ಎಲ್ಲವನ್ನೂ ಎಳೆದು ಬೈಯುತ್ತ, ಮುಂದಿನ ಕಾಗದವನ್ನು ಕಲ್ಯಾಣಿಯ ಮುಂದಕ್ಕೆ ತಳ್ಳಿದ.

ಅವಳು ಆಗಲೇ ಒಂದು ನೆಲ್ಲಿಕಾಯಿ ಬಾಯಿಗೆ ಹಾಕಿಕೊಂಡಿದ್ದಳು. ಉಳಿದವನ್ನು ಕವರಿನ ಸಮೇತ ಹಿಂದಿನ ಮಿಷನ್ನಿಗೆ ದಾಟಿಸಿದಳು.