ಎಡೆಗಿಡದ ಸೀರೆ

ಕಟ್ಟೆಮಳಲವಾಡಿಯ ಅಂಕಯ್ಯನಿಗೆ ಮಾಯಮ್ಮ ಎರಡನೆಯ ಹೆಂಡತಿ. ಮೊದಲನೆಯವಳು ಪುಟ್ಟಮಾದಮ್ಮ, ಮಗಳು ನಿಂಗಿಗೆ ಎರಡು ವರ್ಷ ತುಂಬುವ ಮೊದಲೇ ಜ್ವರ ಬಂದು ತೀರಿಕೊಂಡಳು. ಆಮೇಲೆ ಮಿರ್ಲೆಯಿಂದ ಮಾಯಮ್ಮನನ್ನು ತಂದರು. ಈಗ ನಿಂಗಿಗೆ ಆರು.

ನಮ್ಮ ಕಡೆ ಎರಡನೆಯವಳಾಗಿ ಬಂದವಳು ಹೋದವಳ ಹೆಸರಿನಲ್ಲಿ ಒಂದು ಬೆಳ್ಳಿ ಬಿಲ್ಲೆಯನ್ನು ತಾಳಿಯ ಜೊತೆ ಕೊರಳಿಗೆ ಕಟ್ಟಿಕೊಳ್ಳುತ್ತಾಳೆ. ಮನೆಗೆ ಹೊಸ ಸೀರೆ ಬಂದರೆ ಅದು ಮೊದಲು ಹೋದವಳಿಗೆ. ದೇವರ ಗೂಡಿನ ಕೆಳಗೆ ಮಣೆ ಹಾಕಿ, ಕಳಶ ಇಟ್ಟು, ಸೀರೆಯನ್ನು ಎಡೆಗಿಟ್ಟು ಒಂದು ರಾತ್ರಿ ಬಿಡಬೇಕು. ಹೋದವಳು ಬಂದು ಉಡುತ್ತಾಳೆ. ಬೆಳಿಗ್ಗೆ ಇರುವವಳು ಅದನ್ನು ತೆಗೆದು ಉಡುತ್ತಾಳೆ. ಅಕ್ಕನ ಕೈಯಿಂದ ತಂಗಿ ಇಸಿದುಕೊಂಡಂತೆ ಎಂದು ಹಿರಿಯರು ಹೇಳುತ್ತಾರೆ. ಹೋದವರನ್ನು ಮನೆಯಿಂದ ಪೂರ್ತಿ ಕಳಿಸಿಬಿಡುವುದು ಸರಿಯಲ್ಲವೆಂದು ಇಂಥ ದಾರಿ ಮಾಡಿದ್ದಾರು. ಅದನ್ನು ತಪ್ಪೆನ್ನಲು ನಾನು ಯಾರು?

ಆದರೆ ಉಡುವವಳ ಕಷ್ಟ ಉಡುವವಳಿಗೇ ಗೊತ್ತು. ಪ್ರತಿ ಸೀರೆಯೂ ಸಾಂಬ್ರಾಣಿ ಹೊಗೆಯ ವಾಸನೆ ಹೊತ್ತು, ಯಾರೋ ಉಟ್ಟು ಬಿಟ್ಟದ್ದರಂತೆ ಮೆತ್ತಗಾಗಿ ಮಾಯಮ್ಮನ ಕೈಗೆ ಬರುತ್ತಿತ್ತು. ಬಣ್ಣವೂ ಅವಳದಲ್ಲ. ಅತ್ತೆ ಮರಮ್ಮ, "ನಮ್ ಮಾದಿಗೆ ಅರಿಸಿನದ ಬಣ್ಣ ಅಂದ್ರೆ ಪಿರೂತಿ" ಎಂದು ಪ್ರತಿ ಸಲವೂ ಹಳದಿ ಸೀರೆಯನ್ನೇ ತರಿಸುತ್ತಿದ್ದಳು. ಆ ಸೀರೆ ಉಟ್ಟೊಡನೆ ಮಾಯಮ್ಮನ ತಲೆ ತಾನಾಗಿ ಬಗ್ಗುತ್ತಿತ್ತು. ಹೆಜ್ಜೆ ಸಣ್ಣದಾಗುತ್ತಿತ್ತು. ಮಿರ್ಲೆಯ ಗದ್ದೆ ಬದುವಿನ ಮೇಲೆ ಹಾಡಿಕೊಂಡು ಓಡಾಡಿದ ಹುಡುಗಿಯ ದನಿ ಗಂಟಲಲ್ಲೇ ನಿಂತುಬಿಡುತ್ತಿತ್ತು. ಬೀದಿಯ ಹೆಂಗಸರು ಸಂತೋಷದಿಂದ, "ಥೇಟ್ ಪುಟ್ಟಮಾದಮ್ಮನೇ ಬಂದಂಗಾಯ್ತು ಕಣವ್ವ" ಎನ್ನುವರು. ಒಮ್ಮೊಮ್ಮೆ ಅಂಕಯ್ಯನೂ, ಒಳ್ಳೆಯವನೇ ಪಾಪ, ಮರೆತು "ಮಾದೀ, ನೀರು ಕೊಡು" ಎಂದುಬಿಡುವನು. ನಿಂಗಿಯಂತೂ ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಹಸಿವಾದರೆ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಗೋಡೆಗೆ ಹೇಳುವಂತೆ, "ಅಸೀತದೆ" ಎನ್ನುವಳು. ಆ ಮಗು ಒಂದು ಸಲ ತನ್ನನ್ನು ಕಣ್ಣಿಟ್ಟು ನೋಡಿದರೆ ಸಾಕು ಎಂದು ಮಾಯಮ್ಮ ನಾಲ್ಕು ವರ್ಷದಿಂದ ದೇವರನ್ನು ಬೇಡಿಕೊಂಡಿದ್ದಳು.

ಆ ವರ್ಷ ಹೊಗೆಸೊಪ್ಪಿನ ಕಾಲದಲ್ಲಿ ಅವಳು ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೊಪ್ಪು ಕಟ್ಟುವ ಕೂಲಿಗೆ ಹೋದಳು. ಕೂಲಿ ಕೂಡಿಸಿ ಹುಣಸೂರಿನಲ್ಲಿ ಒಂದು ನೈಲಾನ್ ಸೀರೆ ಕೊಂಡಳು. ನೀಲಿ, ಮೈತುಂಬ ಸಣ್ಣ ಬಿಳಿ ಹೂವು. ರಾಗಿ ತುಂಬಿದ ಮಣ್ಣಿನ ವಾಡೆಯ ಹಿಂದೆ ಬಚ್ಚಿಟ್ಟಳು. ಶ್ರಾವಣದಲ್ಲಿ ಅವಳ ತಮ್ಮ ದಾಸಯ್ಯನಿಗೆ ಮಿರ್ಲೆಯಲ್ಲಿ ವೀಳ್ಯಶಾಸ್ತ್ರ ಗೊತ್ತಾಯಿತು. ಅಂಕಯ್ಯ ಬ್ಯಾರನ್ನಿನ ಬೆಂಕಿ ಬಿಟ್ಟು ಬರುವಂತಿರಲಿಲ್ಲ. ನಿಂಗಿಯನ್ನು ಕರೆದುಕೊಂಡು ತಾನೇ ಹೊರಟಳು. ಆ ಬೆಳಿಗ್ಗೆ ಮರಮ್ಮ ಅಮ್ಮನ ಗುಡಿಗೆ ಹೋಗಿದ್ದ ಹೊತ್ತಿನಲ್ಲಿ, ಅಂಗಡಿಯ ಮಡಿಕೆ ಬಿಡಿಸಿ ಸೀರೆಯನ್ನು ನೇರ ಮೈಗೆ ಸುತ್ತಿಕೊಂಡಳು. ಮಣೆ ಇಲ್ಲ, ಕಳಶ ಇಲ್ಲ, ಎಡೆ ಇಲ್ಲ.

ಗೋಡೆಯ ಅರ್ಧ ಕನ್ನಡಿಯಲ್ಲಿ ಒಬ್ಬ ಹೆಂಗಸು ಕಂಡಳು. ಕತ್ತು ನೇರ, ಕಣ್ಣಲ್ಲಿ ಬೆಳಕು. ಮಾಯಮ್ಮನಿಗೆ ನಗು ಬಂತು. "ಇಷ್ಟ್ ದಿನ ಎಲ್ಲೋಗಿದ್ಯೇ?" ಎಂದು ಕೇಳಿದಳು. ತಿರುಗುವಾಗ ಕನ್ನಡಿಯ ಅಂಚಿನಲ್ಲಿ ನೀಲಿ ಸೆರಗೊಂದು ಅವಳಿಗಿಂತ ಒಂದು ಗಳಿಗೆ ತಡವಾಗಿ ಸರಿದಂತಾಯಿತು. ನೈಲಾನಿನ ಹೊಳಪು ಎಂದುಕೊಂಡಳು.

ಹುಣಸೂರಿನಲ್ಲಿ ಕೆ.ಆರ್. ನಗರದ ಬಸ್ಸು ಹತ್ತಿದಳು. ಎದೆ ಹಗುರವಾಗಿತ್ತು. ಕಂಡಕ್ಟರ್ ಎಂದೂ ಇಲ್ಲದ ಮರ್ಯಾದೆಯಿಂದ "ಬನ್ನಿ ಅಮ್ಮಾವ್ರೇ, ಕೂತ್ಕೊಳಿ" ಎಂದ. ಟಿಕೆಟ್ ಹರಿಯುವಾಗ, "ಎರಡು ಫುಲ್ಲು, ಒಂದು ಹಾಫು" ಎಂದ.

"ಎರಡ್ಯಾಕೆ? ನಾನೊಬ್ಳೇ."

ಅವನು ಸೀಟಿನ ಕಡೆ ನೋಡಿ, ಕಣ್ಣುಜ್ಜಿಕೊಂಡು, "ಅಯ್ ಬುಡಿ, ನಿದ್ದೆಗಣ್ಣು" ಎಂದು ನಕ್ಕು ಮುಂದೆ ಹೋದ.

ನಿಂಗಿ ಕಿಟಕಿಗೆ ಅಂಟಿ ಕೂತಿದ್ದಳು. ಅವಳಿಗೂ ಮಾಯಮ್ಮನಿಗೂ ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು. ನಿಂತಿದ್ದ ಜನ ಎಷ್ಟೊಂದಿದ್ದರೂ ಅಲ್ಲಿ ಯಾರೂ ಕೂರಲಿಲ್ಲ. ನಿಂಗಿ ಆ ಖಾಲಿ ಜಾಗದ ಕಡೆ ವಾಲಿಕೊಂಡು, ಏನೋ ಸಣ್ಣಗೆ ಹೇಳುತ್ತ, ನಗುತ್ತಿದ್ದಳು. ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ಮಾಯಮ್ಮ ನೋಡಿರಲಿಲ್ಲ.

"ಯಾರ್ ಜೊತೆ ಮಗಾ ಮಾತು?"

ನಿಂಗಿ ಕಿಟಕಿಯ ಕಡೆ ತಿರುಗಿಕೊಂಡಳು.

ಮಿರ್ಲೆಯ ಮನೆಯಲ್ಲಿ ಅವಳನ್ನು ನೋಡಿ ಎಲ್ಲರಿಗೂ ಬೆರಗು. "ಏನಮ್ಮಿ, ಸಿನಿಮಾದೋರಂಗೆ ಬಂದಿದ್ದೀ!" ಎಂದು ಚಿಕ್ಕಮ್ಮ ಸೆರಗು ಹಿಡಿದೆಳೆದಳು. "ಕಟ್ಟೆಮಳಲವಾಡೀಲಿ ಒಗೆಸೊಪ್ಪಿನ ಬದ್ಲು ದುಡ್ ಬೆಳೀತದೇನೇ?" ಎಂದು ಇನ್ನೊಬ್ಬಳು. ಮಾಯಮ್ಮ ತಲೆಯೆತ್ತಿ ಉತ್ತರ ಕೊಟ್ಟಳು, ಗಟ್ಟಿಯಾಗಿ ನಕ್ಕಳು, ಸೋಬಾನೆಗೆ ದನಿಗೂಡಿಸಿದಳು. ಅವಳ ತಾಯಿ ಚಿಕ್ಕಸಿದ್ದಮ್ಮ ಮಾತ್ರ ನಗಲಿಲ್ಲ. ಮಗಳನ್ನು ಹಿತ್ತಿಲಿಗೆ ಕರೆದಳು.

"ಸೀರೆ ಎಡೆಗಿಟ್ಟಿದ್ದಾ?"

"ಇಟ್ಟಿದ್ದೆ ಬುಡವ್ವ."

"ನಿಜವಾಗ್ಲೂವಾ?"

"ನಿಜ ಅಂದ್ನಲ್ಲ."

ಚಿಕ್ಕಸಿದ್ದಮ್ಮ ಮಗಳ ಭುಜದ ಆಚೆ ಒಮ್ಮೆ ನೋಡಿದಳು. ಆಮೇಲೆ ಒಳಗೆ ಹೋದಳು.

ಎಲೆಅಡಿಕೆ ಕೊಡುವಾಗ ಚಿಕ್ಕಮ್ಮ ಸಾಲಾಗಿ ಕುಂಕುಮ ಇಡುತ್ತ ಬಂದಳು. ಮಾಯಮ್ಮನಿಗೆ ಇಟ್ಟು, ಪಕ್ಕದ ಖಾಲಿ ಚಾಪೆಯ ಕಡೆಗೂ ಬೆರಳು ಚಾಚಿ, ಗಾಳಿಯಲ್ಲಿ ಕುಂಕುಮ ಇಟ್ಟಂತೆ ಮಾಡಿ, ಅಲ್ಲೊಂದು ಎಲೆಅಡಿಕೆ ಇರಿಸಿ ಮುಂದೆ ಹೋದಳು. ಏನು ಮಾಡಿದೆನೆಂದು ಅವಳಿಗೇ ತಿಳಿದಂತಿರಲಿಲ್ಲ. ಚಾಪೆಯ ಮೇಲೆ ಬಿದ್ದ ಕುಂಕುಮವನ್ನು ಮಾಯಮ್ಮ ನೋಡಿದಳು. ಸುತ್ತ ನೋಡಿದಾಗ ನಿಂಗಿ ಅಲ್ಲಿರಲಿಲ್ಲ.

"ಅವ್ವಾ, ಮಗ ಎಲ್ಲಿ?"

ಚಿಕ್ಕಸಿದ್ದಮ್ಮ ಬೀಸಣಿಗೆ ಕೆಳಗಿಟ್ಟಳು. "ನಿನ್ ಜೊತೇಲೇ ಓದ್ಲಲ್ಲೇ. ನಿನ್ ಕೈ ಇಡ್ಕೊಂಡು ನಾಲೆ ಕಡೆ ಓಗ್ತಿದ್ದದ್ದ ಈಗ್ತಾನೆ ನನ್ ಕಣ್ಣಾರೆ ನೋಡ್ದೆ."

"ನಾನು ಇಲ್ಲೇ ಕೂತಿವ್ನಿ ಕಣವ್ವ."

ಮಾಯಮ್ಮ ಓಡಿದಳು.

ನಡುಹಗಲು. ಬಿಸಿಲು ಬಿದ್ದ ಗದ್ದೆಗಳ ಮೇಲೆ ಒಂದು ಹಕ್ಕಿಯ ದನಿಯೂ ಇಲ್ಲ. ಶ್ರಾವಣದ ನಾಲೆ ದಡ ಮುಟ್ಟಿ, ಸದ್ದಿಲ್ಲದೆ ಹರಿಯುತ್ತಿತ್ತು. ಏರಿಯ ಮೇಲೆ ನಿಂಗಿ ನಡೆಯುತ್ತಿದ್ದಳು. ಅವಳ ಎಡಗೈ ಮೇಲಕ್ಕೆ ಚಾಚಿತ್ತು. ದೊಡ್ಡವರೊಬ್ಬರ ಕೈ ಹಿಡಿದ ಹಾಗೆ. ಆ ಪಕ್ಕದಲ್ಲಿ ನೀಲಿ ಸೀರೆಯ ಬೆನ್ನು. ಮೈತುಂಬ ಸಣ್ಣ ಬಿಳಿ ಹೂವು. ತಲೆ ಬಗ್ಗಿಸಿ, ಸಣ್ಣ ಸಣ್ಣ ಹೆಜ್ಜೆ ಇಡುತ್ತಿತ್ತು. ಆ ನಡಿಗೆ ಮಾಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ವರ್ಷ ಅವಳೇ ನಡೆದದ್ದು.

"ನಿಂಗೀ!"

ಮಗು ತಿರುಗಿತು. ಮಾಯಮ್ಮನನ್ನು ನೋಡಿತು, ಪಕ್ಕದವಳನ್ನು ನೋಡಿತು. ಎರಡು ಕಡೆಯೂ ಒಂದೇ ಸೀರೆ. ಯಾರು ಯಾರೆಂದು ತಿಳಿಯದೆ ಕಣ್ಣು ಮಿಟುಕಿಸಿತು. ಮುಂದೆ ಬಟ್ಟೆ ಒಗೆಯುವ ಕಲ್ಲಿನ ಮೆಟ್ಟಿಲು. ಅದರ ಕೆಳಗೆ ನೀರು. ಮಗು ಮೊದಲ ಮೆಟ್ಟಿಲಿಗೆ ಕಾಲಿಟ್ಟಿತು.

ಹಿಡಿಯಲು ದೂರ ಬಹಳವಿತ್ತು. ಮಾಯಮ್ಮನಿಗೆ ಆಗ ಒಂದೇ ಒಂದು ಹೊಳೆಯಿತು. ಮೈಮೇಲಿನ ಸೀರೆಯನ್ನು ಎಳೆದು ಬಿಚ್ಚಿದಳು. ಹುಟ್ಟಿದೂರಿನ ಹಗಲು ಬೆಳಕಿನಲ್ಲಿ, ಕುಬಸ ಮತ್ತು ಒಳಲಂಗದಲ್ಲಿ ನಿಂತು, ಸೀರೆಯನ್ನು ಏರಿಯ ಹುಲ್ಲಿನ ಮೇಲೆ ಹಾಸಿದಳು. ಹಣೆಯ ಕುಂಕುಮ ಒರೆಸಿ ಅದರ ಅಂಚಿಗೆ ಇಟ್ಟಳು. ಮಂಡಿಯೂರಿದಳು.

"ಅಕ್ಕಾ, ನಾನು ದುಡ್ದು ತಕ್ಕೊಂಡಿದ್ದು ಇದು. ಒಂದ್ ಸಲ ನಾನೇ ಮೊದ್ಲು ಉಡಬೇಕು ಅಂತ ಆಸೆ ಬಂತು, ಉಟ್ಟೆ. ಸುಳ್ಳೂ ಏಳ್ದೆ. ನಿನ್ ಮುಂದೆ ಮುಚ್ಚಾಕೋದ್ ಏನಿದೆ? ಈಗ ನೀನ್ ಉಡು. ಬಣ್ಣ ನಿಂಗೆ ಸೇರ್ತದೋ ಇಲ್ವೋ, ನಂಗೆ ಸೇರ್ತದೆ. ಮಗೀನ ಮಾತ್ರ ಬುಡಕ್ಕ."

ನಾಲೆಯ ನೀರು ಹರಿಯುತ್ತಲೇ ಇತ್ತು. ಮಗು ಎರಡನೆಯ ಮೆಟ್ಟಿಲಲ್ಲಿ ನಿಂತಿತು. ಮೇಲಕ್ಕೆ ಚಾಚಿದ್ದ ಆ ಪುಟ್ಟ ಕೈ ಮೆಲ್ಲಗೆ ಕೆಳಗಿಳಿಯಿತು. ತಾನಾಗಿ ಬಿದ್ದಂತೆ ಅಲ್ಲ. ಯಾರೋ ಜೋಪಾನವಾಗಿ ಇಳಿಸಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಂತೆ. ಏರಿಯ ಮೇಲೆ ಈಗ ಮಗುವಿನ ನೆರಳು ಒಂದೇ ಇತ್ತು.

ನಿಂಗಿ ಮೆಟ್ಟಿಲು ಹತ್ತಿ ಬಂದು ಎರಡು ಮಾರು ದೂರದಲ್ಲಿ ನಿಂತಳು. ಕೆದರಿದ ಕೂದಲು, ಅಳಿಸಿದ ಕುಂಕುಮ, ಮಾಸಿದ ಲಂಗ. ಹೋದವಳದೆನ್ನುವಂಥದ್ದು ಆ ಮೈಮೇಲೆ ಬೆಳ್ಳಿ ಬಿಲ್ಲೆಯೊಂದನ್ನು ಬಿಟ್ಟು ಇನ್ನೇನೂ ಇರಲಿಲ್ಲ. ಮಗು ಕಾಲಿನಿಂದ ತಲೆಯವರೆಗೆ ನಿಧಾನವಾಗಿ ನೋಡಿತು, ಹೊಸಬರನ್ನು ನೋಡುವ ಹಾಗೆ.

"ನೀನ್ಯಾರು?"

ನಿಮ್ಮವ್ವ ಎನ್ನಲು ಮಾಯಮ್ಮನ ಬಾಯಿ ತೆರೆಯಿತು. ಆ ಮಾತನ್ನು ನುಂಗಿಕೊಂಡಳು.

"ಮಾಯಿ. ಇದೇ ಮಿರ್ಲೆಯೋಳು."

ನಿಂಗಿ ಯೋಚಿಸಿದಳು. ಆಮೇಲೆ ಎರಡೂ ಕೈ ಮೇಲೆತ್ತಿ, "ಎತ್ಕೋ" ಎಂದಳು.

ಮಗುವನ್ನು ಕಂಕುಳಿಗೇರಿಸಿಕೊಂಡು ಮಾಯಮ್ಮ ಸೀರೆಯ ಹತ್ತಿರ ಹೋದಳು. ಏರಿಯ ಮೇಲೆ ಗಾಳಿ ಬೀಸುತ್ತಿತ್ತು. ಸೀರೆ ಮಾತ್ರ ಒಂದಿಷ್ಟೂ ಅಲುಗಾಡಿರಲಿಲ್ಲ. ಕೈಗೆತ್ತಿಕೊಂಡಳು. ಬೆಚ್ಚಗಿತ್ತು. ಬಿಸಿಲಿನ ಕಾವಲ್ಲ ಅದು. ಯಾರೋ ಈಗಷ್ಟೆ ಬಿಚ್ಚಿಕೊಟ್ಟ ಬಟ್ಟೆಯಲ್ಲಿ ಇರುವ ಮೈಯ ಶಾಖ. ಕಣ್ಣಿಗೊತ್ತಿಕೊಂಡು, ಮಗುವನ್ನು ಕೆಳಗಿಳಿಸಿ, ಏರಿಯ ಪಕ್ಕದ ಕಬ್ಬಿನ ಮರೆಯಲ್ಲಿ ನಿಂತು ಉಟ್ಟಳು. ನಿರಿಗೆ ಜಾರದಂತೆ ನಿಂಗಿ ಒಂದು ತುದಿ ಹಿಡಿದುಕೊಂಡಳು.

"ನಿನ್ಗೆ ನೀಲಿ ಒಪ್ತದಂತೆ," ಎಂದಳು.

"ಯಾರಂದ್ರು ಮಗಾ?"

ನಿಂಗಿ ತುಟಿ ಬಿಗಿಹಿಡಿದು, ಎರಡು ಬೆರಳಿನಲ್ಲಿ ನಿರಿಗೆಯ ಅಂಚು ಸಮ ಮಾಡುತ್ತಿದ್ದಳು.