ಕಿಟಕಿ ಪಕ್ಕದ ಹಾಲಿ ಮರ

ಬೇಲಿಯ ಕೊನೆಯ ಹಾಲಿ ಮರದ ಎಲೆಯೂ ಹಳದಿಯಾಗತೊಡಗಿದ್ದನ್ನು ಕಂಡಾಗ ಡಿಲಿಸ್‌ಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಹಾಲಿಯಿಂದಲೇ ಹೊಟ್ಟೆ ಹೊರೆಯುವವಳು ಅವಳು. ಮನೆಯ ಹಿಂದೆ ಸಾಲಾಗಿ ಬೆಳೆಸಿ, ಕ್ರಿಸ್‌ಮಸ್ ಹತ್ತಿರವಾದಾಗ ಮುಳ್ಳೆಲೆ, ಕೆಂಪು ಹಣ್ಣುಗಳ ಸಮೇತ ಕೊಯ್ದು ಕಟ್ಟು ಕಟ್ಟಿ ಪೇಟೆಗೆ ಕಳಿಸುತ್ತಿದ್ದಳು. ಹೆರೆಫರ್ಡ್ ಸೀಮೆಯ ಆ ಮೂಲೆಯಲ್ಲಿ ಯಾರ ಗಿಡಕ್ಕೆ ಏನೇ ಆದರೂ, ಒಂದು ಎಲೆ ಕಿತ್ತುಕೊಂಡು ಇವಳ ಬಾಗಿಲಿಗೇ ಬರುತ್ತಿದ್ದರು. ಅಂಥವಳ ಸ್ವಂತ ಬೇಲಿಯಲ್ಲಿ ವರ್ಷಕ್ಕೊಂದರಂತೆ ಮೂರು ಮರ ಸತ್ತಿದ್ದವು. ಹೊಲದ ತುದಿಯ ಮರದಿಂದ ಶುರುವಾದ ಸಾವು ಒಂದೊಂದಾಗಿ ಮನೆಯತ್ತ ಬಂದಿತ್ತು. ಉಳಿದದ್ದು ಅಡುಗೆಮನೆ ಕಿಟಕಿಯ ಪಕ್ಕದ್ದು ಮಾತ್ರ.

"ಏನಮ್ಮ ಡಾಕ್ಟರಮ್ಮ, ಇದೂ ಕೈ ಬಿಡ್ತಾ?" ಎಂದ ಅಬ್ನರ್. ಊರಿನ ಗಿಡಬೇಲಿಗಳನ್ನೆಲ್ಲ ಸವರುವವನು ಅವನೇ. ಬಾಯಿ ಮಾತ್ರ ಅವನ ಕತ್ತಿಗಿಂತ ಹರಿತ.

"ಬಾಯ್ಮುಚ್ಕೊಂಡು ಆ ಕೊಂಬೆ ಬಗ್ಗಿಸು," ಎಂದಳು ಡಿಲಿಸ್.

ಎಲೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಎಲೆಯೊಳಗೆ ಸುರಂಗ ಕೊರೆಯುವ ಹುಳುವಿದ್ದರೆ ಬಿಳಿಚಿದ ಗುಳ್ಳೆ ಕಾಣಬೇಕು. ಬೆರಳಿನಿಂದ ಹಿಸುಕಿದರೆ ಆಯಿತು. ಕಾಣಲಿಲ್ಲ. ಎಲೆ ಮಗುಚಿದಳು. ರಸ ಹೀರುವ ಚಿಪ್ಪುಹುಳುವಿದ್ದರೆ ಕಂದು ಹುರುಪೆ, ಕೆಳಗಿನ ಎಲೆಗಳ ಮೇಲೆ ಮಸಿ ಇರಬೇಕು. ಸಾಬೂನು ನೀರಿನಲ್ಲಿ ತೊಳೆದರೆ ಹೋಗುತ್ತದೆ. ಅದೂ ಇಲ್ಲ. ಕರಿಚುಕ್ಕೆ ಬಿದ್ದು ಎಲೆ ಉದುರಿಸುವ ಕೊಳೆರೋಗವಾದರೆ ರೋಗದ ಕೊಂಬೆ ಕಡಿದು, ಉದುರಿದ್ದನ್ನು ಸುಟ್ಟು, ಒಂದೊಂದು ಕಡಿತಕ್ಕೂ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು. ಸತ್ತ ಮೂರಕ್ಕೂ ಅನುಮಾನದಿಂದ ಅಷ್ಟನ್ನೂ ಮಾಡಿದ್ದಳು. ಈ ಎಲೆಗೆ ಯಾವ ರೋಗವೂ ಇರಲಿಲ್ಲ. ಅದು ಸುಮ್ಮನೆ ಸಾಯುತ್ತಿತ್ತು.

ಅಬ್ನರನ ನಗು ನಿಂತಿತು. "ನೋಡು ಡಿಲಿಸ್, ಬೇಲೀನ ನಾನು ಮಟ್ಟಸವಾಗಿ ಸವರ್ತೀನಿ, ಹಾಲೀನ ಮಾತ್ರ ಮುಟ್ಟಲ್ಲ, ಮೇಲಕ್ಕೆ ಬಿಡ್ತೀನಿ. ಯಾಕೆ ಅಂತ ನಿಂಗೂ ಗೊತ್ತು. ಸತ್ತೋರು ಬೇಲಿ ಮೇಲೇ ನಡ್ಕೊಂಡು ಬರೋದು. ಹಾಲಿ ಅಡ್ಡ ನಿಂತ್ರೆ ವಾಪಸ್ ಹೋಗ್ತಾರೆ. ಇದೂ ಹೋದ್ರೆ ಸೀದಾ ನಿಮ್ಮ ಕಿಟಕಿಗೇ ದಾರಿ. ಬಂದೋರು ಬರಿಗೈಲಿ ಹೋಗಲ್ಲ."

"ನಮ್ಮನೇಲಿ ಇರೋರು ಇಬ್ರು. ನನ್ನ ಯಾವ ದೆವ್ವ ಕರ್ಕೊಂಡು ಹೋಗುತ್ತೆ?"

"ನಿನ್ನ ಕರ್ಕೊಂಡು ಹೋದ್ರೆ ಮಾರನೇ ದಿನಾನೇ ತಂದು ಬಿಟ್ಟುಹೋಗುತ್ತೆ ಬಿಡು. ನಾನು ಹೇಳಿದ್ದು ನಿಮ್ಮಪ್ಪನ್ನ."

ಅವಳು ನಗಲಿಲ್ಲ. ಅಮ್ಮ ತೀರಿಹೋದಾಗಿನಿಂದ ಅಪ್ಪ ಎನಾಕ್ ಒಬ್ಬನೇ ಅವಳ ಪಾಲಿಗಿದ್ದ ಜೀವ. ಗೊಣಗುತ್ತಾನೆ, ಚಹಾಕ್ಕೆ ಸಕ್ಕರೆ ಕಮ್ಮಿಯೆಂದು ರಗಳೆ ತೆಗೆಯುತ್ತಾನೆ, ಆದರೂ ಇದ್ದಾನೆ. ಅವನಿಲ್ಲದ ಮನೆಯನ್ನು ಮನಸ್ಸಿಗೆ ತಂದುಕೊಳ್ಳಲೂ ಅವಳಿಂದ ಆಗುತ್ತಿರಲಿಲ್ಲ.

ಅಬ್ನರ್ ಹೋದ ಮೇಲೆ ಅವಳು ಕಾಂಡಕ್ಕೆ ಹಬ್ಬಿದ್ದ ಐವಿ ಬಳ್ಳಿಯನ್ನು ಕಿತ್ತು ಹಾಕಿದಳು. ಬುಡದಿಂದ ಮೊಳದೆತ್ತರದಲ್ಲಿ ಹಸಿಮಣ್ಣು ಮೆತ್ತಿತ್ತು. ಉಜ್ಜಿದರೆ ಒಳಗೆ ಬೆಳ್ಳಗೆ, ಸುತ್ತಲೂ, ಬಳೆಯ ಹಾಗೆ ತೊಗಟೆ ತೆಗೆದ ಗಾಯ. ಹುಳುವಿನ ಕೆಲಸವಲ್ಲ, ಮೊಲದ ಹಲ್ಲಿನದೂ ಅಲ್ಲ. ಚಾಕುವಿನದು. ಇಷ್ಟು ನಯವಾಗಿ ಹಾಲಿಯ ತೊಗಟೆ ಬಿಡಿಸುವ ಕೈ ಆ ಊರಲ್ಲಿ ಒಂದೇ. ಹರೆಯದಲ್ಲಿ ಈ ತೊಗಟೆ ಬೇಯಿಸಿ ಅಂಟು ಮಾಡಿ, ಕೊಂಬೆಗೆ ಬಳಿದು ಹಕ್ಕಿ ಹಿಡಿಯುತ್ತಿದ್ದವನ ಕೈ.

ಎನಾಕ್ ಕಿಟಕಿಯ ಬಳಿ ಕುಳಿತು ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಿದ್ದ.

"ಅಪ್ಪಾ, ನೀನಾ?"

"ಹೂಂ," ಎಂದ, ಸಕ್ಕರೆ ಕೇಳಿದಷ್ಟೇ ಸಲೀಸಾಗಿ. "ಸತ್ತ ಆ ಮೂರನ್ನೂ ನಾನೇ ಕಣೇ. ನಿಮ್ಮಮ್ಮ ಹಾಲಿ ಮರದವರೆಗೂ ಬರ್ತಾಳೆ, ನಿಲ್ತಾಳೆ, ಹೋಗ್ತಾಳೆ. ಎಷ್ಟು ವರ್ಷ ಅಂತ ಚಳೀಲಿ ನಿಲ್ಲಿಸೋದು ಅವಳನ್ನ?"

"ನಿನಗೆ ಅರಳುಮರಳು."

"ಬೇಲಿ ಮೇಲೆ ನೋಡ್ಕೊಂಡು ಬಂದು ಆಮೇಲೆ ಬೈಯಿ."

ಮಾರನೇ ಬೆಳಿಗ್ಗೆ, ಮಾರ್ಚ್ ಮುಗಿಯುವ ಹೊತ್ತಿನಲ್ಲಿ, ಅಕಾಲದ ಹಿಮ ಬಿದ್ದಿತ್ತು. ಡಿಲಿಸ್ ಏಣಿ ಹಾಕಿ ಹತ್ತಿದಳು. ಬೇಲಿಯ ನೆತ್ತಿಯ ಹಿಮದ ಮೇಲೆ, ಸತ್ತ ಮೂರು ಮರಗಳನ್ನೂ ದಾಟಿ, ಬರಿಗಾಲಿನ ಹೆಜ್ಜೆಗಳು ಬಂದಿದ್ದವು. ಬೆಕ್ಕು ನಿಂತರೂ ಬಗ್ಗುವ ಕಡ್ಡಿಗಳು ಒಂದೂ ಬಗ್ಗಿರಲಿಲ್ಲ. ಬಲಗಾಲು ನೆಟ್ಟಗೆ ಊರಿತ್ತು. ಎಡಗಾಲು ಮೂಡಿದಲ್ಲೆಲ್ಲ ಹಿಂದೆ ಒಂದು ಎಳೆದ ಗೆರೆ. ಹುಲ್ಲಿನ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅಮ್ಮ ನಡೆಯುತ್ತಿದ್ದದ್ದು ಹಾಗೆಯೇ. ಕೊನೆಯ ಹೆಜ್ಜೆ ಹಾಲಿಯ ಎಲೆಗಳಿಗೆ ಒಂದು ಗೇಣು ದೂರದಲ್ಲಿ ನಿಂತಿತ್ತು. ಡಿಲಿಸ್‌ಗೆ ಏಣಿಯ ಮೇಲೇ ಅಳು ಬಂತು. ಭಯಕ್ಕಿಂತ ಹೆಚ್ಚಾಗಿ, ಅಮ್ಮನನ್ನು ಒಮ್ಮೆ ನೋಡಬೇಕೆಂಬ ಆಸೆಗೆ.

ಇಳಿದವಳು ಕಸಿ ಚಾಕು ತಂದಳು. ಹೀಗೆ ಸುತ್ತ ತೊಗಟೆ ಹೋದ ಮರಕ್ಕೆ ಮದ್ದು ಒಂದೇ. ತೋಟದ ಹಾಲಿ ಗಿಡಗಳಿಂದ ಪೆನ್ಸಿಲಿನಷ್ಟು ದಪ್ಪದ ಕಡ್ಡಿಗಳನ್ನು ಕೊಯ್ದು, ಎರಡೂ ತುದಿ ಓರೆಯಾಗಿ ಹೆರೆದು, ಗಾಯದ ಕೆಳಗಿನ ತೊಗಟೆಗೆ ಒಂದು ತುದಿ, ಮೇಲಿನ ತೊಗಟೆಗೆ ಇನ್ನೊಂದು ತುದಿ ತೂರಿಸಿ ಸೇತುವೆ ಕಟ್ಟಬೇಕು. ಸಣ್ಣ ಮೊಳೆ, ಮೇಲೆ ಮೇಣ. ರಸ ಆ ಸೇತುವೆ ಹಿಡಿದು ದಾಟಿದರೆ ಮರ ಬದುಕುತ್ತದೆ.

ಎನಾಕ್ ಕಿಟಕಿ ತೆರೆದು ಮೊದಲು ಬೈದ. ಆಮೇಲೆ ಬೇಡಿಕೊಂಡ.

"ಬಿಟ್ಬಿಡೇ ಮಗಳೇ. ನಾನು ಹೋಗ್ತೀನಿ ಅಂತಿದೀನಿ, ಅವಳು ಬಾ ಅಂತಿದಾಳೆ. ಮಧ್ಯ ನಿಂದೇನು?"

"ನಂದೇನಾ? ನೀವಿಬ್ರೂ ಅಲ್ಲಿ ಸೇರ್ಕೊಂಡ್ರೆ ಇಲ್ಲಿ ನಾನು ಯಾರ ಹತ್ರ ಜಗಳ ಆಡ್ಲಿ?"

ಕೊನೆಯ ಕಡ್ಡಿಗೆ ಮೇಣ ಹಚ್ಚುವಾಗ ಹೊತ್ತು ಮುಳುಗುತ್ತಿತ್ತು. ಬೇಲಿಯ ಆ ತುದಿಯಲ್ಲಿ ಹಿಮ ಕರಕರ ಎಂದಿತು. ಒಂದು ಹೆಜ್ಜೆ, ಒಂದು ಎಳೆತ. ಒಂದು ಹೆಜ್ಜೆ, ಒಂದು ಎಳೆತ. ಕಿಟಕಿಯಲ್ಲಿ ಅಪ್ಪನ ಮುಖ ಮದುಮಗನದ್ದಾಗಿತ್ತು. ಡಿಲಿಸ್ ತಲೆಯೆತ್ತಲಿಲ್ಲ. ಎತ್ತಿದರೆ ಕೈ ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು. ಕಾಂಡಕ್ಕೆ ಬೆನ್ನು ಕೊಟ್ಟು ನಿಂತಳು.

"ಅಮ್ಮಾ, ಈಗ್ಲೇ ಬೇಡಮ್ಮ," ಎಂದಳು. "ಅಪ್ಪ ನನಗೆ ಬೇಕು."

ಸದ್ದು ಅವಳ ನೆತ್ತಿಯ ಮೇಲೆಯೇ ನಿಂತಿತು. ತಣ್ಣನೆಯ ಬೆರಳುಗಳು ಅವಳ ಕೂದಲಿಗೆ ಸಿಕ್ಕಿದ್ದ ಒಂದು ಒಣ ಎಲೆಯನ್ನು, ನೋಯದಂತೆ, ಬಿಡಿಸಿ ತೆಗೆದವು. ಬಹಳ ಹೊತ್ತಾದ ಮೇಲೆ ಹೆಜ್ಜೆ ಬಂದ ದಾರಿಯಲ್ಲೇ ಹಿಂದಿರುಗಿತು. ಆಮೇಲೆ ಮತ್ತೆಂದೂ ಬರಲಿಲ್ಲ.

ಕಸಿ ಹಿಡಿಯಿತು. ಬೇಸಿಗೆಯ ಹೊತ್ತಿಗೆ ಮರ ಹೊಸ ಎಲೆ ಬಿಟ್ಟಿತು, ಎನಾಕನೂ ಇನ್ನೆಷ್ಟೋ ವರ್ಷ ಗಟ್ಟಿಮುಟ್ಟಾಗಿ ಬದುಕಿದ. ಅಬ್ನರನ ಜೊತೆ ಹರಟುತ್ತಿದ್ದ, ಪೇಟೆಯವರನ್ನು ರೇಗಿಸುತ್ತಿದ್ದ. ಡಿಲಿಸ್ ದಿನವೂ ಅವನ ಮುಂದೆ ಚಹಾ ಇಟ್ಟು, ಸಕ್ಕರೆ ಸಾಕಾ ಎಂದು ಕೇಳುತ್ತಿದ್ದಳು. ಅವನು ಕಿಟಕಿಯಾಚೆ ನೋಡುತ್ತ ಕುಡಿದು ಮುಗಿಸುತ್ತಿದ್ದ. ಸಾಯುವವರೆಗೂ ಅವಳೊಂದಿಗೆ ಒಂದು ಮಾತೂ ಆಡಲಿಲ್ಲ.